ಹಿಂದೆ ಬಿದ್ದ ಚೆಂಡಿನ ಬಳಿಗೆ

*ದಿನದ ಧಮ್ಮ ಚಿಂತನೆ*



ಹೋದ ವಾರ ನಮ್ಮ ಗುಂಪಿನಲ್ಲಿ ಒಂದು ಫೋಟೋ ಹಾಕಿದ್ದೆ. ನಾನು, ನಮ್ಮ ಎಂಜಿನಿಯರ್ ಗೆಳೆಯ, ಬ್ಯಾಂಕಿನಿಂದ ನಿವೃತ್ತರಾದ ಅಣ್ಣ, ನರ್ಸ್ ಆಗಿರುವ ಅಕ್ಕ, ನಾಲ್ವರೂ ಹಸಿರು ಹುಲ್ಲಿನ ಮೇಲೆ ಗಾಲ್ಫ್ ಕೋಲು ಹಿಡಿದು ನಗುತ್ತ ನಿಂತ ಫೋಟೋ. ಅದಕ್ಕೆ ಬಂದ ಹೆಬ್ಬೆರಳುಗಳ ನಡುವೆ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದ್ದರು: "ಮೇಷ್ಟ್ರೇ, ಅದು ಸಾಹೇಬರ ಆಟ ಅಲ್ಲವೇ? ಪಂಚಶೀಲ ತಗೊಂಡ ನಮಗೆ ಅದೆಲ್ಲ ಯಾಕೆ?"

ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಅವರ ಪ್ರಶ್ನೆಗೆ ಉತ್ತರ ಬರೆಯೋಣ ಅಂತ ಕೂತೆ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆಯೊಂದು ಅದೇ ಸಂಜೆ ನನ್ನ ಮನೆಯಲ್ಲೇ ಎದುರಾಗಿತ್ತು. ಅದನ್ನು ಮುಚ್ಚಿಟ್ಟು ಇದಕ್ಕೆ ಉತ್ತರ ಕೊಟ್ಟರೆ ಅದು ಅರ್ಧ ಸತ್ಯವಾದೀತು. ಎರಡನ್ನೂ ಹೇಳುತ್ತೇನೆ.

ಮೊದಲು ಹಿರಿಯರ ಪ್ರಶ್ನೆ. ಬ್ರಹ್ಮಜಾಲ ಸುತ್ತದಲ್ಲಿ ಭಗವಾನ್ ಬುದ್ಧರು ದೂರವಿದ್ದ ಆಟಗಳ ಒಂದು ಉದ್ದನೆಯ ಪಟ್ಟಿಯೇ ಇದೆ. ಅದು ಭಿಕ್ಖು ಜೀವನಕ್ಕೆ ಸಂಬಂಧಿಸಿದ್ದು. ನಮ್ಮಂಥ ಗೃಹಸ್ಥರಿಗೆ ಸಿಗಾಲೋವಾದ ಸುತ್ತ ಇದೆ. ಸಂಪತ್ತು ಸೋರಿಹೋಗುವ ಆರು ಬಾಗಿಲುಗಳನ್ನು ಅಲ್ಲಿ ಹೇಳಿದ್ದಾರೆ. ಜೂಜು ಅದರಲ್ಲೊಂದು. ಗಾಲ್ಫ್ ಆಡುವವರಲ್ಲಿ ಒಂದೊಂದು ಕುಳಿಗೆ ಇಷ್ಟು ಅಂತ ಪಣ ಕಟ್ಟುವ ರೂಢಿ ಉಂಟು. ಆವತ್ತೂ ಪಕ್ಕದ ತಂಡದವರು "ಸುಮ್ನೆ ಮಜಾಕ್ಕೆ, ಐನೂರು ಐನೂರು" ಅಂದರು. ನಮ್ಮ ನರ್ಸ್ ಅಕ್ಕ ನಗುತ್ತಲೇ ಕೈಮುಗಿದು, "ನಮ್ಮಲ್ಲಿ ಅದಿಲ್ಲ ಸಾರ್" ಅಂದುಬಿಟ್ಟರು. ಜೂಜಿಲ್ಲದೆ, ಕುಡಿತವಿಲ್ಲದೆ, ಗೆಳೆಯರೊಡನೆ ಬೆಳಗಿನ ಎರಡು ಗಂಟೆ ನಡೆದಾಡಿದರೆ ಶೀಲಕ್ಕೆ ಧಕ್ಕೆಯಿಲ್ಲ ಎಂದೇ ನನ್ನ ತಿಳಿವಳಿಕೆ.

"ಸಾಹೇಬರ ಆಟ" ಎಂಬ ಮಾತಿಗೆ ಮಾತ್ರ ಅಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ಯಾಕೆಂದರೆ ನಮ್ಮಪ್ಪ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿದ್ದವರು.

ಬೆಂಗಳೂರಿಗೆ ಈ ಆಟ ಬಂದದ್ದು ಬ್ರಿಟಿಷರ ಕಾಲದಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆಡುವವರು ದೊರೆಗಳು, ಬ್ಯಾಗು ಹೊರುವವರು, ಹುಲ್ಲು ಕತ್ತರಿಸುವವರು, ಪೊದೆಯಲ್ಲಿ ಚೆಂಡು ಹುಡುಕುವವರು ಸುತ್ತಲಿನ ಬಡವರ ಮಕ್ಕಳು. ದೊರೆಗಳು ಹೋದರು. ಆಡುವವರ ಬಣ್ಣ ಬದಲಾಯಿತು, ಹೊರುವವರ ಮನೆಗಳು ಅವೇ ಉಳಿದವು. ನಿಯಮದ ಪ್ರಕಾರ ಒಬ್ಬ ಆಟಗಾರ 14 ಕೋಲುಗಳವರೆಗೆ ಒಯ್ಯಬಹುದು. ಆ ಹದಿನಾಲ್ಕನ್ನೂ ಹೆಗಲಿಗೆ ಹಾಕಿಕೊಂಡು 18 ಕುಳಿ ಸುತ್ತುವುದು ಅಪ್ಪನ ಕೆಲಸ. ಒಮ್ಮೆ ಆಟಗಾರರೊಬ್ಬರು ಹೊಡೆದ ಹೊಸ ಚೆಂಡು ಸಿಗಲಿಲ್ಲವೆಂದು ಅದರ ಬೆಲೆಯನ್ನು ಅಪ್ಪನ ಕೂಲಿಯಲ್ಲಿ ಮುರಿದುಕೊಂಡರು. ಆ ದಿನ ಅಪ್ಪ ಬರಿಗೈಲಿ ಮನೆಗೆ ಬಂದದ್ದು ನನಗೆ ನೆನಪಿದೆ. ನನಗಾಗ ಎಂಟು ವರ್ಷ. ಆಮೇಲೆ ಆ ಮೈದಾನದ ಬೇಲಿಯ ಪಕ್ಕ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಹಾಗಾಗಿ ಎಂಜಿನಿಯರ್ ಗೆಳೆಯ ಫೋನು ಮಾಡಿ, "ನಮ್ಮ ಆಫೀಸಿನವರು ಭಾನುವಾರ ಗಾಲ್ಫ್ ಇಟ್ಕೊಂಡಿದ್ದಾರೆ, ಹೊರಗಿನ ಸ್ನೇಹಿತರನ್ನೂ ಕರೀಬಹುದು, ನಾಲ್ಕು ಜನ ಬೇಕು, ಬಾರಯ್ಯ" ಅಂದಾಗ ನಾನು ಒಪ್ಪಲಿಲ್ಲ. "ಬ್ಯಾಗು ಹೊರೋಕಾದ್ರೆ ಬರ್ತೀನಿ" ಅಂದೆ. ಅವನಿಗೆ ನೋವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ನಡೆದ ಹುಲ್ಲಿನ ಮೇಲೆ ನೀನು ಆಡೋದು ಬೇಡ್ವಾ?" ಅಂದ. ಆ ಮಾತಿಗೆ ಹೋದೆ.

ಆಡಿದ್ದು ಮಾಮೂಲಿ ಗಾಲ್ಫ್ ಅಲ್ಲ. ಅದರಲ್ಲೇ ಸಡಿಲವಾದ, ತಂಡವಾಗಿ ಆಡುವ ಒಂದು ಬಗೆ. ಸ್ಕ್ರ್ಯಾಂಬಲ್ ಅನ್ನುತ್ತಾರೆ. ಮಾಮೂಲಿ ಆಟದಲ್ಲಿ ನಿಮ್ಮ ಚೆಂಡು ನಿಮ್ಮದು. ಅದು ಪೊದೆಗೆ ಬಿದ್ದರೆ ಪೊದೆಯಿಂದ, ಮರಳಿಗೆ ಬಿದ್ದರೆ ಮರಳಿನಿಂದ ನೀವೇ ಹೊಡೆದು ಮೇಲೆ ಬರಬೇಕು. ಸ್ಕ್ರ್ಯಾಂಬಲ್‌ನಲ್ಲಿ ನಾಲ್ವರೂ ಒಂದೊಂದು ಹೊಡೆತ ಹೊಡೆಯುತ್ತಾರೆ. ಯಾರ ಚೆಂಡು ಒಳ್ಳೆಯ ಜಾಗದಲ್ಲಿ ಬಿದ್ದಿದೆಯೋ ಅದನ್ನು ಆರಿಸುತ್ತಾರೆ. ಉಳಿದ ಮೂವರು ತಮ್ಮ ಚೆಂಡು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಮುಂದಿನ ಹೊಡೆತ ನಾಲ್ವರದೂ ಅಲ್ಲಿಂದಲೇ. ಚೆಂಡು ಕುಳಿಗೆ ಬೀಳುವವರೆಗೂ ಹೀಗೆಯೇ. ನಾಲ್ವರಿಗೂ ಸೇರಿ ಒಂದೇ ಲೆಕ್ಕ.

ಜೀವನದಲ್ಲಿ ಮೊದಲ ಸಲ ಕೋಲು ಹಿಡಿದ ನನಗೆ ಇದು ದೊಡ್ಡ ನೆಮ್ಮದಿ. ನಾನು ಹೊಡೆದದ್ದು ಹತ್ತು ಮಾರು ಹೋದರೂ ಪರವಾಗಿಲ್ಲ, ಎಂಜಿನಿಯರ್ ಹೊಡೆದದ್ದು ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಂತರಾಯಿತು.

ಇನ್ನೊಂದು ಸಂಗತಿ. ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಎಂಬ ಪದ್ಧತಿ ಇದೆ. ಆಟ ಕಡಿಮೆ ಬರುವವರಿಗೆ ಇಷ್ಟು ಹೊಡೆತ ಅಂತ ಲೆಕ್ಕದಲ್ಲಿ ಬಿಟ್ಟುಕೊಡುತ್ತಾರೆ, ನುರಿತವನೂ ಹೊಸಬನೂ ಸಮಸಮವಾಗಿ ಸ್ಪರ್ಧಿಸಲಿ ಅಂತ. ಜಗತ್ತಿನ ಶ್ರೀಮಂತರೆಲ್ಲ ಇದನ್ನು ನ್ಯಾಯವೆಂದೇ ಒಪ್ಪಿ ಆಡುತ್ತಾರೆ. ಮೆರಿಟ್ ಹಾಳಾಯಿತು ಎಂದು ಅಲ್ಲಿ ಯಾರೂ ಕೂಗುವುದಿಲ್ಲ. ಇದನ್ನು ಕೇಳಿ ಬ್ಯಾಂಕಿನ ಅಣ್ಣ ಬಹಳ ಹೊತ್ತು ನಗುತ್ತಿದ್ದರು. ಮೀಸಲಾತಿಯಲ್ಲಿ ಬಂದವನೆಂಬ ಮಾತನ್ನು ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ಕೇಳಿಸಿಕೊಂಡವರು ಅವರು.

ನಾವು ಆಡಿದ್ದು ಒಂಬತ್ತು ಕುಳಿ. ಆಟ ಇಟ್ಟುಕೊಂಡವರು ಒಂದು ಷರತ್ತು ಹಾಕಿದ್ದರು. ಸ್ಕ್ರ್ಯಾಂಬಲ್‌ನಲ್ಲಿ ಇದು ರೂಢಿಯಂತೆ. ಪ್ರತಿ ಕುಳಿಯ ಮೊದಲ ಹೊಡೆತವನ್ನು ಬಲ್ಲವನೊಬ್ಬನದೇ ಆರಿಸುತ್ತ ಹೋಗುವಂತಿಲ್ಲ. ನಾಲ್ವರಲ್ಲಿ ಪ್ರತಿಯೊಬ್ಬರದನ್ನೂ ಕನಿಷ್ಠ ಎರಡು ಸಲ ಬಳಸಲೇಬೇಕು. ಎಂಟು ಹೀಗೆ ಹಂಚಿಹೋದರೆ ನಿಮ್ಮ ಇಷ್ಟಕ್ಕೆ ಉಳಿಯುವುದು ಒಂದೇ. ಆಡುವ ಹುರುಪಿನಲ್ಲಿ ನಾವು ಈ ಷರತ್ತನ್ನು ಮರೆತೇಬಿಟ್ಟೆವು.

ಎಂಟು ಕುಳಿ ಮುಗಿಯಿತು. ಐದನೆಯದು ಚಿಕ್ಕದು, ಅಲ್ಲಿ ಹೇಗೋ ನನ್ನ ಚೆಂಡು ಗ್ರೀನ್ ಹತ್ತಿರ ಹೋಗಿ ಬಿದ್ದಿತ್ತು, ಅದನ್ನು ಆರಿಸಿದ್ದರು. ಒಂಬತ್ತನೆಯದಕ್ಕೆ ಬಂದೆವು. ಎಂಜಿನಿಯರ್ ಎಂಥ ಹೊಡೆತ ಹೊಡೆದ ಅಂತೀರಿ! ಚೆಂಡು ಆಕಾಶಕ್ಕೇರಿ ಇನ್ನೂರು ಗಜದಾಚೆ ಹುಲ್ಲುಹಾದಿಯ ನಟ್ಟನಡುವೆ ಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ, ಅಕ್ಕ ಹೊಡೆದರು. ಕೊನೆಗೆ ನಾನು. ಕೋಲು ಚೆಂಡಿನ ನೆತ್ತಿಗೆ ಸವರಿ, ಅದು ಉರುಳುತ್ತ ಅರವತ್ತು ಹೆಜ್ಜೆ ಹೋಗಿ ಎತ್ತರದ ಹುಲ್ಲಿಗೆ ಸೇರಿತು. ನಾನು ನಗುತ್ತಲೇ ಅದನ್ನು ಎತ್ತಿಕೊಳ್ಳಲು ಬಗ್ಗಿದೆ.

ಅಷ್ಟರಲ್ಲಿ ಹಿಂದಿನಿಂದ ಮೆಲ್ಲನೆ ಒಂದು ದನಿ: "ಎತ್ಬೇಡಿ ಸಾರ್. ಮೇಷ್ಟ್ರದು ಒಂದೇ ಆಗಿರೋದು. ಇನ್ನೊಂದು ಇದೇ ಆಗ್ಬೇಕು."

ನಮ್ಮ ಜೊತೆ ಬಂದಿದ್ದ ಕ್ಯಾಡಿಯ ದನಿ ಅದು. ಬಾಡಿಗೆಗೆ ತಂದ ಎರಡು ಬ್ಯಾಗುಗಳಲ್ಲಿ ಒಂದನ್ನು ಎಂಜಿನಿಯರ್ ತಳ್ಳುಗಾಡಿಯಲ್ಲಿ ತಾನೇ ಎಳೆದುಕೊಂಡಿದ್ದ. ಇನ್ನೊಂದನ್ನು ಹೊತ್ತವರು ಇಪ್ಪತ್ತರ ಆಸುಪಾಸಿನ ಆ ಹುಡುಗ. ನಾವು ಮರೆತ ಲೆಕ್ಕವನ್ನು ಅವರು ಒಂದೊಂದಾಗಿ ಇಟ್ಟಿದ್ದರು.

ಆಗ ನಡೆದದ್ದನ್ನು ನೀವು ಗಮನಿಸಬೇಕು, ಬಂಧುಗಳೇ. ಎಂಜಿನಿಯರ್ ಆಗಲೇ ತನ್ನ ಚೆಂಡಿನತ್ತ ಅರ್ಧ ದಾರಿ ನಡೆದಿದ್ದ. ಕೂಗಿ ಹೇಳಿದೆವು. ಅವನು ಹೋಗಿ ಆ ಚಂದದ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಬಂದ. ಅಣ್ಣನೂ ಬಂದರು, ಅಕ್ಕನೂ ಬಂದರು. ಮೂವರೂ ನನ್ನ ಕೆಟ್ಟ ಹೊಡೆತ ಬಿದ್ದಿದ್ದ ಆ ಹುಲ್ಲಿನಲ್ಲಿ ನಿಂತರು. ಒಬ್ಬರ ಮುಖವೂ ಗಂಟಿಕ್ಕಲಿಲ್ಲ. "ಸರಿ, ಇಲ್ಲಿಂದ ಶುರು" ಅಂದ ಎಂಜಿನಿಯರ್. ನನ್ನ ಗಂಟಲು ಕಟ್ಟಿತು.

ಅಲ್ಲಿ ನಿಂತು ನನಗೆ ನೆನಪಾದದ್ದು ಗೋಸಿಂಗ ಸಾಲವನ. ಮಜ್ಝಿಮ ನಿಕಾಯದಲ್ಲಿ ಆ ಪ್ರಸಂಗ ಬರುತ್ತದೆ. ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಖುಗಳು ಅಲ್ಲಿ ಒಟ್ಟಿಗೆ ಇದ್ದರು. ಹೇಗಿದ್ದೀರಿ ಎಂದು ಬುದ್ಧರು ಕೇಳುತ್ತಾರೆ. ಹಾಲು ನೀರು ಬೆರೆತಂತೆ ಇದ್ದೇವೆ ಎನ್ನುತ್ತಾನೆ ಅನುರುದ್ಧ. ಅದು ಹೇಗೆ ಎಂದರೆ ದೊಡ್ಡ ತತ್ವ ಏನನ್ನೂ ಹೇಳುವುದಿಲ್ಲ. ಭಿಕ್ಷೆ ಮುಗಿಸಿ ಮೊದಲು ಬಂದವನು ಆಸನ ಹಾಸಿ ನೀರು ಇಡುತ್ತಾನೆ. ಕೊನೆಗೆ ಬಂದವನು ಎಲ್ಲ ತೆಗೆದು ಗುಡಿಸುತ್ತಾನೆ. ನೀರಿನ ಗಡಿಗೆ ಬರಿದಾದದ್ದನ್ನು ಯಾರು ನೋಡಿದರೋ ಅವರೇ ತುಂಬುತ್ತಾರೆ. ತನ್ನ ಇಷ್ಟವನ್ನು ಬದಿಗಿಟ್ಟು ಇವರ ಇಷ್ಟದಂತೆ ನಡೆದರೇನು ಅಂತ ಪ್ರತಿಯೊಬ್ಬನೂ ಅಂದುಕೊಳ್ಳುತ್ತಾನೆ. ದೇಹ ಬೇರೆ ಬೇರೆಯಾದರೂ ಮನಸ್ಸು ಒಂದೇ ಎನ್ನಿಸುವುದು ಇದರಿಂದ.

ಮೈತ್ರಿ ಅಂದರೆ ನನಗೆ ಇಷ್ಟು ದಿನ ಮುಂದೆ ಹೋದವರ ಜೊತೆ ಸೇರಿಕೊಳ್ಳುವುದು ಅಂತಿತ್ತು. ಅದು ಸುಲಭ. ಒಳ್ಳೆಯ ಜಾಗಕ್ಕೆ ಯಾರು ತಾನೇ ಹೋಗುವುದಿಲ್ಲ? ಇನ್ನೂರು ಗಜ ಮುಂದಿರುವವನು ತನ್ನ ಚೆಂಡು ಎತ್ತಿಕೊಂಡು ಅರವತ್ತು ಹೆಜ್ಜೆಯವನ ಬಳಿಗೆ ಹಿಂದಿರುಗುತ್ತಾನಲ್ಲ, ಮೈತ್ರಿಯ ಪರೀಕ್ಷೆ ಅಲ್ಲಿದೆ. 1954ರಲ್ಲಿ ಆಕಾಶವಾಣಿಯಲ್ಲಿ ಮಾತನಾಡುತ್ತ ಬಾಬಾಸಾಹೇಬರು, ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧರಿಂದ ಎಂದರು. 1956ರಲ್ಲಿ ಆಗ್ರಾದಲ್ಲಿ, ಓದಿ ಮುಂದೆ ಹೋದ ನಮ್ಮವರ ಬಗ್ಗೆ ಅವರು ಪಟ್ಟ ಸಂಕಟವೂ ನಿಮಗೆಲ್ಲ ಗೊತ್ತಿದೆ. ಮುಂದೆ ಹೋದದ್ದಕ್ಕೆ ಅವರು ನೊಂದುಕೊಳ್ಳಲಿಲ್ಲ. ಹೋದವರು ತಿರುಗಿ ಬರಲಿಲ್ಲವಲ್ಲ ಎಂದು ನೊಂದುಕೊಂಡರು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಚಿಂತನೆ ಆಗಿಬಿಡುತ್ತಿತ್ತು. ಭಾನುವಾರ ಮಧ್ಯಾಹ್ನದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಕೊನೆಯ ಕುಳಿಯಲ್ಲಿ ಗ್ರೀನ್ ತಲುಪಿ, ಆ ಹುಡುಗ ತೋರಿಸಿದ ದಿಕ್ಕಿನಲ್ಲೇ ಅಕ್ಕ ತಳ್ಳಿದ ಚೆಂಡು ಕುಳಿಗೆ ಬಿತ್ತು. ಖುಷಿಯಲ್ಲಿ ಫೋಟೋ ತೆಗೆಸಿಕೊಂಡೆವು. ಸಂಜೆ ಅದನ್ನು ಅಪ್ಪನಿಗೆ ತೋರಿಸಿದೆ. ಅಪ್ಪನಿಗೆ ಈಗ ಎಪ್ಪತ್ತನಾಲ್ಕು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಗ ಆ ಹುಲ್ಲಿನ ಮೇಲೆ ಕೋಲು ಹಿಡಿದು ನಿಂತದ್ದಕ್ಕೆ ಕಣ್ಣು ತುಂಬಿಕೊಳ್ಳುತ್ತಾರೆ ಅಂತ ನಾನು ಕಾಯುತ್ತಿದ್ದೆ.

ಅಪ್ಪ ಕೇಳಿದರು: "ಬ್ಯಾಗು ಹೊತ್ತೋನು ಎಲ್ಲಪ್ಪಾ?"

"ಫೋಟೋ ತೆಗೆದದ್ದು ಅವನೇ" ಅಂದೆ.

"ಹೆಸ್ರೇನು?"

ನನಗೆ ಗೊತ್ತಿರಲಿಲ್ಲ.

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು, "ನಮ್ನೂ ಯಾರೂ ಕೇಳ್ತಿರ್ಲಿಲ್ಲ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಹವಾಮಾನ ಹೇಳುವ ಹಾಗೆ ಹೇಳಿ, ಎದ್ದು ಗಿಡಕ್ಕೆ ನೀರು ಹಾಕಲು ಹೋದರು.

ಆ ರಾತ್ರಿ ನಾನು ಆ ಎರಡು ಗಂಟೆಗಳನ್ನು ಮತ್ತೆ ಮತ್ತೆ ನೆನೆಸಿಕೊಂಡೆ. "ಆ ಕೋಲು ಕೊಡೋ." "ಚೆಂಡು ಎಲ್ಲಿ ಹೋಯ್ತು ನೋಡೋ." ಹೀಗೆ ಕೂಗಿದ್ದು ಯಾರು? ತರಗತಿಯಲ್ಲಿ ಏಕವಚನ ಬಹುವಚನದ ಪಾಠ ಮಾಡುವ ಕನ್ನಡ ಮೇಷ್ಟ್ರು. ಏಕವಚನದಲ್ಲಿ ಕೂಗಿಸಿಕೊಂಡೇ ಹೆಗಲು ಸವೆಸಿದವರ ಮಗ. ನನ್ನ ಲೆಕ್ಕವನ್ನು ಅವರು ಇಟ್ಟಿದ್ದರು. ಅವರ ಹೆಸರನ್ನು ನಾನು ಕೇಳಿರಲಿಲ್ಲ. ನಾಲ್ವರ ನಡುವೆ ಹಾಲು ನೀರಿನಂತೆ ಬೆರೆತ ಮೈತ್ರಿ ಐದನೆಯವರ ಹತ್ತಿರ ಬಂದು ಹೆಪ್ಪುಗಟ್ಟಿತ್ತು.

ಆಗ ಉಪಾಲಿ ನೆನಪಾದರು. ಶಾಕ್ಯ ರಾಜಕುಮಾರರು ಸಂಘ ಸೇರಲು ಹೊರಟಾಗ ಅವರ ಜೊತೆಗಿದ್ದ ಕ್ಷೌರಿಕ ಉಪಾಲಿ. ಅವರೇ ಬುದ್ಧರಲ್ಲಿ ಬೇಡಿಕೊಂಡರು: ನಾವು ಶಾಕ್ಯರು, ಗರ್ವಿಗಳು, ಈತ ಬಹುಕಾಲ ನಮ್ಮ ಸೇವೆ ಮಾಡಿದವನು, ಈತನಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಈತನಿಗೆ ಎದ್ದು ನಿಂತು ನಮಸ್ಕರಿಸಬೇಕಾಗುತ್ತದೆ, ನಮ್ಮ ಗರ್ವ ಇಳಿಯುತ್ತದೆ. ಹಾಗೇ ಆಯಿತು. ಆ ಉಪಾಲಿಯೇ ಮುಂದೆ ವಿನಯದಲ್ಲಿ ಅಗ್ರರಾದರು. ರಾಜಗೃಹದ ಮೊದಲ ಸಂಗೀತಿಯಲ್ಲಿ ಸಂಘದ ನಿಯಮಗಳನ್ನೆಲ್ಲ ನೆನಪಿನಿಂದ ಒಪ್ಪಿಸಿದವರು ಅವರೇ. ಕ್ಷೌರದ ಪೆಟ್ಟಿಗೆ ಹೊತ್ತವರು ಸಂಘದ ನೆನಪನ್ನೇ ಹೊತ್ತರು.

ಅಂದು ಉಪಾಲಿಯ ಮುಂದೆ ತಲೆಬಾಗಿದ ರಾಜಕುಮಾರರಲ್ಲಿ ಇಬ್ಬರ ಹೆಸರು ಕೇಳಿ: ಅನುರುದ್ಧ, ಕಿಂಬಿಲ. ಗೋಸಿಂಗ ವನದಲ್ಲಿ ಹಾಲು ನೀರಿನಂತೆ ಇದ್ದವರು ಇವರೇ. ಅವರ ಆ ಸಾಮರಸ್ಯ ಸುಮ್ಮನೆ ಬಂದದ್ದಲ್ಲ. ತಮ್ಮ ಸಾಮಾನು ಹೊತ್ತವನಿಗೆ ಮೊದಲು ತಲೆಬಾಗಿದ್ದರು, ಆಮೇಲೆ ಬಂತು.

ಮರುದಿನ ಎಂಜಿನಿಯರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನೂ ಸುಮ್ಮನಾದ. ಅವನಿಗೂ ಹೆಸರು ಗೊತ್ತಿರಲಿಲ್ಲ. ಬುಧವಾರ ಶಾಲೆ ಬಿಟ್ಟ ಮೇಲೆ ನಾನು ಆ ಮೈದಾನಕ್ಕೆ ಹೋದೆ. ದೊಡ್ಡ ಗೇಟಿನಲ್ಲಿ ಕಾವಲುಗಾರರು ಬಿಡಲಿಲ್ಲ, ಹಿಂದಿನ ಚಿಕ್ಕ ಗೇಟಿನಲ್ಲಿ ಕಾಯಿರಿ ಅಂದರು. ಭಾನುವಾರ ಕಾರಿನಲ್ಲಿ ಒಳಗೆ ಹೋದವನು ಬುಧವಾರ ಹಿಂದಿನ ಗೇಟಿನಲ್ಲಿ ನಿಂತೆ. ಅರ್ಧ ಗಂಟೆಯ ಮೇಲೆ ಅವರು ಬಂದರು. "ಏನಾದ್ರೂ ಬಿಟ್ಟು ಹೋಗಿದ್ರಾ ಸಾರ್?" ಅಂದರು.

"ಹೌದು, ನಿಮ್ಮ ಹೆಸರು ಕೇಳೋದು ಬಿಟ್ಟು ಹೋಗಿದ್ದೆ" ಅಂದೆ. ನಕ್ಕರು. ಹೇಳಿದರು. ಅವರ ಒಪ್ಪಿಗೆ ಕೇಳದ ಕಾರಣ ಇಲ್ಲಿ ಬರೆಯುತ್ತಿಲ್ಲ.

ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಚಹಾ ಕುಡಿದೆವು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಕತೆಯನ್ನು ಅವರು ಕಣ್ಣರಳಿಸಿ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ. ಪಿಯುಸಿ ಮುಗಿಸಿದ್ದಾರೆ, ಪದವಿ ಓದುವ ಆಸೆ ಇದೆ. ಅವರ ಜಾತಿ ನಾನು ಕೇಳಲಿಲ್ಲ. ನಮ್ಮ ಅಧ್ಯಯನ ಬಳಗದ ಬಗ್ಗೆ ಹೇಳಿದೆ. ಓದಿಗೆ ಬೇಕಾದ ಸಹಾಯ ಮಾಡುವವರೂ ನಮ್ಮಲ್ಲಿದ್ದಾರೆ, ಭಾನುವಾರ ಬೆಳಿಗ್ಗೆ ಬನ್ನಿ ಅಂದೆ.

ಅವರು ಲೋಟ ಕೆಳಗಿಟ್ಟು ಹೇಳಿದರು: "ಭಾನುವಾರನೇ ನಮ್ಗೆ ಕೆಲ್ಸ ಸಾರ್. ಅವತ್ತೇ ನಾಲ್ಕು ಕಾಸು ಸಿಗೋದು. ಸೋಮವಾರ ಇಲ್ಲಿ ರಜಾ."

ಬಂಧುಗಳೇ, ನಮ್ಮ ಬಳಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರುತ್ತದೆ. ವರ್ಷಗಳಿಂದ ಹಾಗೇ ನಡೆದಿದೆ. ಯಾಕೆ ಭಾನುವಾರ? ಮೇಷ್ಟ್ರಿಗೆ, ಬ್ಯಾಂಕಿನವರಿಗೆ, ಎಂಜಿನಿಯರಿಗೆ ಅವತ್ತು ರಜೆ. ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ, ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವವರಿಗೆ, ಬ್ಯಾಗು ಹೊರುವವರಿಗೆ ಅವತ್ತು ರಜೆಯಿಲ್ಲ. ನಮ್ಮವರು ಯಾಕೆ ಬರುತ್ತಿಲ್ಲ, ಯುವಕರು ಯಾಕೆ ಬರುತ್ತಿಲ್ಲ ಅಂತ ಪ್ರತಿ ಸಭೆಯಲ್ಲೂ ಕೊರಗುತ್ತೇವೆ. ಯಾರನ್ನೂ ಬೇಡ ಎನ್ನದೆ, ಬರೀ ಗಡಿಯಾರದಿಂದಲೇ ಬಾಗಿಲು ಹಾಕಿಕೊಂಡಿದ್ದೇವೆ.

ಗೋಸಿಂಗ ಪ್ರಸಂಗದ ಮೊದಲ ಭಾಗ ನಾನು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ಬುದ್ಧರು ಆ ವನಕ್ಕೆ ಬಂದಾಗ ಕಾವಲುಗಾರ ಅವರನ್ನು ಗುರುತಿಸದೆ ತಡೆಯುತ್ತಾನೆ. ಒಳಗೆ ಮೂವರು ಸಾಧನೆಯಲ್ಲಿದ್ದಾರೆ, ಅವರಿಗೆ ತೊಂದರೆ ಮಾಡಬೇಡ ಎನ್ನುತ್ತಾನೆ. ಆ ಮಾತು ಅನುರುದ್ಧನ ಕಿವಿಗೆ ಬೀಳುತ್ತದೆ. ತಡೆಯಬೇಡ, ಬಂದಿರುವವರು ನಮ್ಮ ಗುರುಗಳು ಎಂದು ಹೇಳಿ, ಜೊತೆಯವರನ್ನೂ ಕರೆದುಕೊಂಡು ಎದ್ದು ಹೋಗಿ ಎದುರುಗೊಳ್ಳುತ್ತಾನೆ. ಒಳಗೆ ಎಷ್ಟೇ ಸಾಮರಸ್ಯವಿರಲಿ, ಗೇಟಿನ ದನಿ ಕೇಳಿಸುವಷ್ಟು ಕಿವಿ ತೆರೆದಿರಬೇಕು.

ಹಾಗಾಗಿ ಬಳಗದ ಮುಂದೆ ನನ್ನದೊಂದು ವಿನಂತಿ. ತಿಂಗಳಿಗೆ ಎರಡು ಸಭೆಗಳನ್ನಾದರೂ ಸೋಮವಾರ ಸಂಜೆ ಏಳಕ್ಕೆ ಇಡೋಣ. ನಮಗೆ ಕಷ್ಟವಾಗುತ್ತದೆ. ಮರುದಿನ ಕೆಲಸ, ಟ್ರಾಫಿಕ್, ಮಕ್ಕಳ ಓದು ಎಲ್ಲ ಇದೆ. ಎಂಜಿನಿಯರ್ ತನ್ನ ಚೆಂಡು ಎತ್ತಿಕೊಂಡು ಹಿಂದಕ್ಕೆ ನಡೆದದ್ದೂ ಸುಖಕ್ಕಲ್ಲ. ಅವನು, ಅಣ್ಣ, ಅಕ್ಕ ಮೂವರೂ ಒಪ್ಪಿದ್ದಾರೆ. ಆ ಹುಡುಗ ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ಬಂದರೆ ಅವರ ಹೆಸರು ಹಿಡಿದು ಸ್ವಾಗತಿಸುವವರು ನಾಲ್ವರಿರುತ್ತೇವೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.

ಪ್ರಶ್ನೆ ಕೇಳಿದ ಹಿರಿಯರೇ, ಸಾಹೇಬರ ಆಟ ಹೌದೋ ಅಲ್ಲವೋ ಎಂಬುದನ್ನು ಕೋಲು ಹಿಡಿದವನು ಬ್ಯಾಗು ಹಿಡಿದವರನ್ನು ಹೇಗೆ ಮಾತನಾಡಿಸುತ್ತಾನೆ ಎಂಬುದರಿಂದ ತಿಳಿಯಬಹುದು. ಆವತ್ತು ಎರಡು ಗಂಟೆ ಕಾಲ ನಾನೇ ಸಾಹೇಬನಾಗಿದ್ದೆ. ನಿಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು.

*ಇಂದಿನ ಅಭ್ಯಾಸ:* ಇವತ್ತು ನಿಮ್ಮ ಕೆಲಸವನ್ನು ಹಗುರ ಮಾಡುವ ಒಬ್ಬರನ್ನು ಗಮನಿಸಿ. ಕಸ ಒಯ್ಯುವವರಿರಬಹುದು, ಆಫೀಸಿಗೆ ಚಹಾ ತರುವವರಿರಬಹುದು, ಅಪಾರ್ಟ್‌ಮೆಂಟಿನ ಕಾವಲುಗಾರರಿರಬಹುದು. ಹೆಸರು ಗೊತ್ತಿಲ್ಲದಿದ್ದರೆ ಕೇಳಿ. ಬಹುವಚನದಲ್ಲಿ ಕೇಳಿ. ರಾತ್ರಿ ಮಲಗುವ ಮುನ್ನ ಮೈತ್ರಿ ಭಾವನೆ ಮಾಡುವಾಗ "ಎಲ್ಲ ಜೀವಿಗಳೂ" ಎನ್ನುವ ಮೊದಲು ಆ ಒಂದು ಹೆಸರನ್ನು ನೆನೆಯಿರಿ.

ಸೋಮವಾರದ ಸಭೆಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಗುಂಪಿನಲ್ಲಿ ತಿಳಿಸಿ. ಬೇಡ ಅನ್ನಿಸಿದರೆ ಅದನ್ನೂ ಬರೆಯಿರಿ, ಮಾತನಾಡೋಣ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.